ಕಂಬ ಕಡಿಸಿದವರು

ಪ್ರತಿ ಭಾನುವಾರ ಸಂಜೆ ಐದಾಯಿತೆಂದರೆ ಇಂದುಮತಿಗೆ ಹೊಟ್ಟೆ ತೊಳೆಸುವುದಕ್ಕೆ ಶುರುವಾಗುತ್ತಿತ್ತು. ಪಿತ್ತವಲ್ಲ, ಅಹಮದಾಬಾದಿನ ಮೇ ತಿಂಗಳ ಬಿಸಿಲೂ ಅಲ್ಲ. ಅದು ಗಂಡನ ದನಿ. ಚಾಂದ್‌ಖೇಡಾದ ಕ್ವಾರ್ಟರ್ಸಿನ ಹಜಾರದಲ್ಲಿ ಜಮಖಾನ ಹಾಸಿ, ಸ್ಟೂಲಿನ ಮೇಲೆ ಮಡಿವಸ್ತ್ರ ಹೊದಿಸಿ, ಸರ್ಕಾರಿ ತೈಲ ಕಂಪನಿಯೊಂದರ ಸಿವಿಲ್ ಎಂಜಿನಿಯರ್ ಭೀಮಸೇನರಾಯರು ಪ್ರವಚನ ಹೇಳುತ್ತಿದ್ದರು. ಬ್ಯಾಂಕು, ರೈಲ್ವೆ, ವಿಮೆ ಎಂದು ವರ್ಗವಾಗಿ ಬಂದ ಹತ್ತು ಹನ್ನೆರಡು ಕನ್ನಡದ ಮನೆಯವರು ಕೂತು ಕೇಳಿ, ತಲೆದೂಗಿ, ಹಚ್ಚಿದ ಅವಲಕ್ಕಿ ತಿಂದು ಹೋಗುತ್ತಿದ್ದರು. ಅವಲಕ್ಕಿ ಇಂದುಮತಿಯದು, ಹೆಸರು ರಾಯರದು.

ಆ ಬೇಸಿಗೆಯಲ್ಲಿ ರಾಯರು ಹಿಡಿದ ವಿಷಯ ಒಂದೇ. ಲೋಕದಲ್ಲಿ ಏನಾದರೂ ಆಯಿತೆಂದರೆ ಅದನ್ನು ಮಾಡಿದವರು ಯಾರು? ದೇವರೋ, ಮನುಷ್ಯನೋ?

"ಕನ್ನಡಿಯೊಳಗಿನ ಪ್ರತಿಬಿಂಬ ತಾನಾಗೇ ಕೈ ಎತ್ತತದೇನ್ರಿ? ಹೊರಗ ನಿಂತಾಂವ ಎತ್ತಿದ್ರ ಅದೂ ಎತ್ತತದ. ಹೊರಗ ನಿಂತಾಂವ ಹರಿ, ಒಳಗಿನವರು ನಾವು. ನಾ ಮಾಡಿದೆ, ನಾ ಮಾಡಿದೆ ಅಂತ ಬಡಕೋತೀವಲ್ಲ, ಅದಕ್ಕಿಂತ ದೊಡ್ಡ ಅಹಂಕಾರ ಇಲ್ಲ," ಎಂದು ಅವರು ಹೇಳಿದರೆ, ಮುಂದಿನ ಸಾಲಿನಲ್ಲಿ ಕೂತ ಮಾಧವರಾಯರು ಕಣ್ಣು ಮುಚ್ಚಿ "ಖರೇ, ಖರೇ" ಎನ್ನುತ್ತಿದ್ದರು. ಒಳಗೆ ನಿಂತ ಇಂದುಮತಿಗೆ ಆ "ಖರೇ" ಕೇಳಿದಾಗಲೆಲ್ಲ ಮೈಮೇಲೆ ಹುಳ ಹರಿದಂತಾಗುತ್ತಿತ್ತು.

ಯಾಕೆಂದರೆ ಮಾಧವರಾಯರ ಹೆಂಡತಿ ಹೇಮಲತಾ ಸತ್ತದ್ದು ಜನವರಿ ಇಪ್ಪತ್ತಾರರ ಭೂಕಂಪದಲ್ಲಿ, ಇಂದುಮತಿ ತಾನೇ ಹನ್ನೊಂದು ವರ್ಷ ಒಲೆ ಹೊತ್ತಿಸಿದ್ದ ಅಡುಗೆಮನೆಯಲ್ಲಿ. ಭೀಮಸೇನರಾಯರಿಗೆ ಕಂಪನಿಯ ಕ್ವಾರ್ಟರ್ಸ್ ಸಿಕ್ಕ ಮೇಲೆ ಅಂಜನಿ ಅಪಾರ್ಟ್‌ಮೆಂಟಿನ ತಮ್ಮ ಫ್ಲ್ಯಾಟನ್ನು ಮಾಧವರಾಯರಿಗೆ ಬಾಡಿಗೆಗೆ ಕೊಟ್ಟಿದ್ದರು. ಆ ದಿನ ಬೆಳಿಗ್ಗೆ ಮಾಧವರಾಯರು ಬ್ಯಾಂಕಿನಲ್ಲಿ ಧ್ವಜವಂದನೆಗೆ ಹೋಗಿದ್ದರು. ತಿರುಗಿ ಬರುವುದರೊಳಗೆ ನಾಲ್ಕು ಅಂತಸ್ತು ಒಂದರ ಮೇಲೊಂದು ಕೂತುಬಿಟ್ಟಿತ್ತು. ಒಳಗಿದ್ದ ಹದಿನಾಲ್ಕು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಪಕ್ಕದಲ್ಲೇ ಅದೇ ಬಿಲ್ಡರ್ ಅದೇ ವರ್ಷ ಕಟ್ಟಿದ ಇನ್ನೊಂದು ಕಟ್ಟಡ ಗೋಡೆ ಬಿರಿದುಕೊಂಡು ನಿಂತೇ ಇತ್ತು. ಎರಡಕ್ಕೂ ಇದ್ದ ಭೇದ ಒಂದು ಕಂಬ.

ಆ ಕಂಬದ ಕತೆ ಹೇಳಿದರೆ ನಗುವುದೋ ಉಗಿಯುವುದೋ ತಿಳಿಯುವುದಿಲ್ಲ. ಮೂರು ವರ್ಷದ ಹಿಂದೆ, ಇನ್ನೂ ಅಂಜನಿಯಲ್ಲೇ ಇದ್ದಾಗ, ರಾಯರು ಅಲ್ಲಿನ ಸೊಸೈಟಿಯ ಸೆಕ್ರೆಟರಿ. ನೆಲದಂತಸ್ತು ಬರೀ ಕಂಬಗಳ ಮೇಲೆ ನಿಂತ ಪಾರ್ಕಿಂಗ್. ಅದರ ಮೂಲೆಯಲ್ಲಿ ಒಂದು ಪುಟ್ಟ ಗುಡಿ ಕಟ್ಟಿಸಿ ಪ್ರಾಣದೇವರನ್ನು ಕೂಡಿಸಿದರು. ಗುಜರಾತಿಗಳಿಗೆ ಹನುಮಾನ್‌ಜಿ, ಇವರಿಗೆ ಮುಖ್ಯಪ್ರಾಣ, ಎಲ್ಲರಿಗೂ ಸಂತೋಷ. ಪ್ರತಿಷ್ಠೆಯಾದ ಮೇಲೆ ನೋಡಿದರೆ ದೇವರ ಮುಖದ ನೇರಕ್ಕೆ ಒಂದು ಕಂಬ! ದೇವರ ದೃಷ್ಟಿಗೆ ಕಂಬ ಅಡ್ಡವಿದ್ದರೆ ಮನೆಮಂದಿಗೆಲ್ಲ ಕೇಡು ಎಂದು ಯಾರೋ ಅಂದರು. ಅದೇ ತಿಂಗಳು ಒಬ್ಬರಿಗೆ ಹೃದಯಾಘಾತ, ಇನ್ನೊಬ್ಬರ ಮಗಳ ನಿಶ್ಚಿತಾರ್ಥ ಮುರಿಯಿತು. ಸರಿ, ಕಂಬ ತೆಗೆಯಬೇಕು. ದೇವರನ್ನು ಎರಡು ಅಡಿ ಪಕ್ಕಕ್ಕೆ ಸರಿಸೋಣವೆಂದು ಇಂದುಮತಿ ಅಂದಾಗ ರಾಯರು ಕಿವಿ ಮುಚ್ಚಿಕೊಂಡರು. ಒಮ್ಮೆ ಪ್ರತಿಷ್ಠೆಯಾದ ದೇವರನ್ನು ಕದಲಿಸುವುದು ಅಪಚಾರವಂತೆ, ಇಡೀ ಕಟ್ಟಡ ಹೊತ್ತ ಕಂಬ ಕಡಿಯುವುದು ಸೇವೆಯಂತೆ! ಇದನ್ನು ಹೇಳಿದವರು ಮೂವತ್ತು ವರ್ಷ ಸಿಮೆಂಟು ಕಬ್ಬಿಣದ ಲೆಕ್ಕ ಹಾಕಿದ ಎಂಜಿನಿಯರ್.

ಕಡಿದವನು ಕಾಂಜಿಭಾಯಿ ಎಂಬ ಗಾರೆ ಕೆಲಸದ ಗೌಂಡಿ. ಕಟ್ಟಡ ಬಿದ್ದ ಮೇಲೆ ಪೊಲೀಸರು ಮೊದಲು ಹಿಡಿದದ್ದು ಅವನನ್ನೇ. ಸೊಸೈಟಿಯ ಹಳೆಯ ಸೆಕ್ರೆಟರಿಯೆಂದು ರಾಯರನ್ನೂ ಕರೆದು ಕೇಳಿದರು. "ನನಗೇನೂ ಗೊತ್ತಿಲ್ಲ. ಅಂವಾ ಗುಡಿ ಕೆಲಸ ಮಾಡೋ ಮುಂದ ಕಂಬಾನೂ ಕಡದಿರಬೇಕು," ಎಂದು ಹೇಳಿ ಬಂದು ಸ್ನಾನ ಮಾಡಿ ಸಂಧ್ಯಾವಂದನೆಗೆ ಕೂತರು. ಇಂದುಮತಿ ಆಗಲೇ ಕೇಳಿದ್ದಳು.

"ಕಂಬ ತೆಗಿಸಿದವರು ನೀವಲ್ಲೇನು?"

"ತೆಗಸ್ಲಿಕ್ಕೆ ನಾ ಯಾರು?" ಎಂದಿದ್ದರು ರಾಯರು, ಆಚಮನದ ನೀರು ಅಂಗೈಯಲ್ಲಿ ಹಿಡಿದುಕೊಂಡೇ. ಅವಳು ಸುಮ್ಮನಾದಳು. ಸುಮ್ಮನಾದದ್ದಕ್ಕೆ ಅವಳಿಗೆ ತನ್ನ ಮೇಲೂ ಅಸಹ್ಯವಿತ್ತು, ಆದರೆ ಅಸಹ್ಯಪಟ್ಟುಕೊಂಡೇ ನಾಲ್ಕು ತಿಂಗಳು ಅವಲಕ್ಕಿ ಹಚ್ಚಿದಳು.

ಮೇ ತಿಂಗಳ ಒಂದು ಭಾನುವಾರ ಹೀಗೇ ಹಜಾರದಲ್ಲಿ ಕನ್ನಡಿ, ಪ್ರತಿಬಿಂಬ ಎಲ್ಲ ಜೋರಾಗಿ ನಡೆದಿತ್ತು. ಹಿತ್ತಿಲ ಬಾಗಿಲು ಯಾರೋ ತಟ್ಟಿದರು. ತೆಗೆದರೆ ಕಾಂಜಿಭಾಯಿಯ ಹೆಂಡತಿ ಶಾರದಾಬೆನ್. ಗುಡಿ ಕಟ್ಟುವಾಗ ಗಂಡನ ಜೊತೆ ಬುಟ್ಟಿಯಲ್ಲಿ ಮರಳು ಹೊತ್ತವಳು. ಆಗ ಇಂದುಮತಿ ದಿನಾ ಚಹಾ ಕೊಡುತ್ತಿದ್ದಳು. ಈಗ ಶಾರದಾಬೆನ್ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಸೆರಗಿನ ಗಂಟಿನಿಂದ ಮಡಿಚಿದ ಒಂದು ಕಾಗದ ತೆಗೆದಳು. ಇಂದುಮತಿಯ ಹರಕು ಗುಜರಾತಿಗೂ ಅವಳ ಮುರುಕು ಹಿಂದಿಗೂ ಹೇಗೋ ಹೊಂದಾಣಿಕೆಯಾಗುತ್ತಿತ್ತು.

"ರೇಷನ್ ಕಾರ್ಡು ಹುಡುಕುವಾಗ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು, ಬೆನ್. ಮೇಲೆ ನಿಮ್ಮ ಬಿಲ್ಡಿಂಗಿನ ಹನುಮಾನ್‌ಜಿ ಚಿತ್ರ ಇದೆ, ಅದಕ್ಕೇ ಗುರುತು ಹಿಡಿದೆ. ಇಂಗ್ಲಿಷು. ಜೈಲಿಗೆ ಹೋಗಿ ಅವನನ್ನು ಕೇಳಿದರೆ ಬಾಯಿ ಬಿಡುವುದಿಲ್ಲ. ಅನ್ನ ಮುಟ್ಟುವುದಿಲ್ಲ. ಹದಿನಾಲ್ಕು ಜನ, ಹದಿನಾಲ್ಕು ಜನ ಅಂತ ಅದೊಂದೇ. ಮಂಗಳವಾರ ಕೋರ್ಟಿದೆ. ಇದರಿಂದ ಏನಾದರೂ ಉಪಯೋಗ ಆಗುತ್ತದೇನು, ಓದಿ ಹೇಳಿ."

ಸೊಸೈಟಿಯ ಲೆಟರ್‌ಹೆಡ್ಡು. ಮೇಲೆ ಗದೆ ಹಿಡಿದ ಪ್ರಾಣದೇವರು. ಕೆಳಗೆ ಗಂಡನ ಕೈಬರಹ, ಬಲಕ್ಕೆ ವಾಲಿದ ಉದ್ದನೆಯ ಅಕ್ಷರ. ಗುಡಿಯ ಮುಂದಿನ ಕಂಬವನ್ನು ನಾನೇ ಪರೀಕ್ಷಿಸಿದ್ದೇನೆ. ಅದನ್ನು ತೆಗೆದರೆ ಕಟ್ಟಡಕ್ಕೆ ಯಾವ ಅಪಾಯವೂ ಇಲ್ಲ. ಕೆಲಸ ನನ್ನ ಹೊಣೆಯ ಮೇಲೆ ನಡೆಯಲಿ. ಸಹಿ, ಪೂರ್ಣ ಹೆಸರು, ಹುದ್ದೆ, ಮೊಹರು, ತಾರೀಖು. ಬರಹ ಕೊಡದೆ ಉಳಿ ಹಚ್ಚುವುದಿಲ್ಲವೆಂದು ಆ ಗೌಂಡಿ ಹಟ ಹಿಡಿದಿರಬೇಕು. ಓದು ಬಾರದ ಗೌಂಡಿಗೆ ಇದ್ದ ಹೆದರಿಕೆ ಎಂಜಿನಿಯರಿಗೆ ಇರಲಿಲ್ಲ.

ಇಂದುಮತಿಯ ತಲೆಯಲ್ಲಿ ಆ ಕ್ಷಣ ಓಡಿದ್ದು ಹೇಮಲತಾ ಅಲ್ಲ, ಕಾಂಜಿಭಾಯಿಯೂ ಅಲ್ಲ. ಕೈಕೋಳ ಹಾಕಿಸಿಕೊಂಡ ಗಂಡ. ಸೂರತ್ತಿನಲ್ಲಿ ಓದುತ್ತಿದ್ದ ಮಗಳು ಮೇದಿನಿ, ಅವಳ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಹೋಗುವ ಪೇಪರು. ಈ ಮನೆ ಬಿಟ್ಟರೆ ತಲೆಯ ಮೇಲೆ ಸೂರಿಲ್ಲ. ಅವಳ ಬಾಯಿ ಅವಳಿಗಿಂತ ಮುಂಚೆ ಮಾತಾಡಿತು.

"ಇದು ಕೂಲಿಯ ಚೀಟಿ. ಕೋರ್ಟಿಗೆ ಇದರಿಂದ ಏನೂ ಆಗುವುದಿಲ್ಲ. ಇಲ್ಲೇ ಇರಲಿ, ಸಾಹೇಬರಿಗೂ ಒಂದು ಮಾತು ತೋರಿಸುತ್ತೇನೆ."

ಶಾರದಾಬೆನ್ ತಲೆಯಾಡಿಸಿದಳು. ತಾನು ಸಾಬರಮತಿ ಸ್ಟೇಷನ್ನಿನ ಹಿಂದಿನ ಚಾಲಿಯ ಸಾಲುಮನೆಗಳಲ್ಲಿದ್ದೇನೆ, ನಲ್ಲಿಯ ಎದುರಿನ ಮನೆ, ಸಾಹೇಬರು ಏನಾದರೂ ಅಂದರೆ ಹೇಳಿಕಳಿಸಿ ಎಂದಳು. ಇಂದುಮತಿ ಅವಳಿಗೆ ಪೇಪರಿನಲ್ಲಿ ಒಂದಿಷ್ಟು ಅವಲಕ್ಕಿ ಕಟ್ಟಿ ಕೊಟ್ಟಳು. ಅವಳು ಅದನ್ನು ಹಣೆಗೆ ಮುಟ್ಟಿಸಿಕೊಂಡು ಹೋದಳು. ಪ್ರಸಾದ ಅಂದುಕೊಂಡಳೇನೋ!

ಎಲ್ಲರೂ ಎದ್ದು ಹೋದ ಮೇಲೆ ಅವಳು ಕಾಗದವನ್ನು ಸ್ಟೂಲಿನ ಮೇಲೆ, ಪುಸ್ತಕದ ಮೇಲೆಯೇ ಇಟ್ಟಳು. ರಾಯರು ಓದಿದರು. ಮುಖ ಬಿಳಿಚಿಕೊಂಡಿತು. ಎಲ್ಲಿಂದ ಬಂತು, ಯಾರು ತಂದರು, ಅಕಿಗೆ ಓದಲಿಕ್ಕೆ ಬರುತ್ತದೇನು ಎಂದು ಒಂದೊಂದೇ ಕೇಳಿ ತಿಳಿದುಕೊಂಡರು. ತಿಳಿಯುತ್ತ ಹೋದಂತೆ ಮುಖಕ್ಕೆ ಬಣ್ಣ ಬಂತು. ಕೊನೆಗೆ ಎರಡೂ ಕೈ ಜೋಡಿಸಿದರು.

"ನೋಡಿದೇನು ಅವನ ಕಾರುಣ್ಯ! ಹುಡುಕಿದ್ರೂ ಸಿಗಲಾರದ್ದನ್ನ ತಾನಾಗೇ ನಮ್ಮ ಮನಿಗೆ ಕಳಿಸ್ಯಾನ. ನಿನ್ನ ಬಾಯಿಲೆ ಸರಿಯಾದ ಮಾತು ಆಡಿಸ್ಯಾನ."

ಇಂದುಮತಿ ಬೆಚ್ಚಿದಳು. ತಾನು ಆಡಿದ ಸುಳ್ಳನ್ನು ಈ ಮನುಷ್ಯ ಆಗಲೇ ದೇವರ ಲೆಕ್ಕಕ್ಕೆ ಹಚ್ಚಿಬಿಟ್ಟಿದ್ದರು. ಸುಳ್ಳಿಗಿಂತ ಅದು ಹೆಚ್ಚು ಹೊಲಸಾಗಿ ಕಂಡಿತು.

"ದೇವರು ಆಡಿಸಿಲ್ಲ. ನಾ ಹೆದರಿ ಆಡಿದೆ."

"ನೀ ಯಾರು ಆಡ್ಲಿಕ್ಕೆ? ಭೂಮಿ ಅಲ್ಲಾಡಿಸಿದಾಂವ ಯಾರು, ನಾನೇನು? ಎಲ್ಲಾ ಕಂಬ ಇದ್ದ ಬಿಲ್ಡಿಂಗೂ ಬಿದ್ದಾವಲ್ಲ ಊರಾಗ."

"ಪಕ್ಕದ್ದು ಬಿದ್ದಿಲ್ಲಲ್ಲ. ಅಲ್ಲಾಡಿಸಿದಾಂವ ಅವನ, ಒಪ್ಪಿದೆ. ಕಂಬ ತೆಗಿಸಿದವರು ನೀವು. ಇಬ್ಬರೂ ಕೂಡಿ ಮಾಡೀರಿ. ಅವನ ಪಾಲು ಅವನ್ನ ಕೇಳೋ ಧೈರ್ಯ ನನಗಿಲ್ಲ. ನಿಮ್ಮ ಪಾಲು ನೀವು ಹೇಳ್ರಿ."

"ಪಾಲು ಅಂತ ಇರೂದಿಲ್ಲ ಅಲ್ಲೆ. ನನ್ನ ಕೈಯಾಗ ಪೆನ್ನು ಹಿಡಿಯೋ ಶಕ್ತಿ ಯಾರದು?"

"ಶಕ್ತಿ ಅವಂದು. ಅದೇ ಶಕ್ತಿಲೆ ಒಲ್ಲೆ ಅಂತನೂ ಬರೀಬಹುದಿತ್ತಲ್ಲ? ಒಲಿ ಹೊತ್ತಿಸಿಕೊಟ್ಟಾಂವ ಅವನು, ಅಡಿಗಿ ಸೀಸಿದಾಕಿ ನಾನು ಅಂತ ದಿನಾ ನೀವೇ ಬೈತೀರಿ. ಸಾರು ಕೆಟ್ಟ ದಿನ ಹರಿ ಮಾಡಿದ ಅಂತ ಒಮ್ಮೆರೆ ಅಂದೀರೇನು?"

ರಾಯರಿಗೆ ಸಿಟ್ಟು ಬಂತು. ಶಾಸ್ತ್ರ ತಿಳಿಯದವರ ಜೊತೆ ವಾದವಿಲ್ಲವೆಂದು ಎದ್ದರು. ಕಾಗದವನ್ನು ಹರಿಯಲು ಎರಡೂ ಕೈಯಲ್ಲಿ ಹಿಡಿದವರು ಹಾಗೆಯೇ ನಿಂತರು. ಮೇಲೆ ಪ್ರಾಣದೇವರಿದ್ದಾರೆ. ದೇವರ ಚಿತ್ರ ಹರಿಯುವಂತಿಲ್ಲ, ಸುಡುವಂತಿಲ್ಲ, ಕಸದ ಬುಟ್ಟಿಗೆ ಹಾಕುವಂತಿಲ್ಲ. ಆ ಮನೆಯಲ್ಲಿ ದೇವರಿರುವ ಲಗ್ನಪತ್ರಿಕೆ, ಕ್ಯಾಲೆಂಡರು, ಊದುಬತ್ತಿಯ ಪೊಟ್ಟಣ ಎಲ್ಲವೂ ನಿರ್ಮಾಲ್ಯದ ಜೊತೆಗೆ ಹರಿಯುವ ನೀರಿಗೇ ಹೋಗಬೇಕು. ಸಾಬರಮತಿಯಲ್ಲಿ ಆ ತಿಂಗಳು ಬರೀ ಮರಳು. ರಾಯರು ಶುಕ್ರವಾರ ಶುಕ್ರವಾರ ಕೊಯಾಲಿಯ ಕಡೆ ಕೆಲಸಕ್ಕೆ ಹೋಗುವಾಗ ಜೀಪು ನಿಲ್ಲಿಸಿ ಮಹೀ ನದಿಗೆ ಹಾಕುತ್ತಿದ್ದರು. ಕಾಗದವನ್ನು ಕಣ್ಣಿಗೊತ್ತಿಕೊಂಡು, ದೇವರ ಮನೆಯ ಮೂಲೆಯಲ್ಲಿ ನೇತುಹಾಕಿದ ನಿರ್ಮಾಲ್ಯದ ಚೀಲದೊಳಗೆ ಇಳಿಬಿಟ್ಟರು. ಹದಿನಾಲ್ಕು ಜನ ಸತ್ತದ್ದಕ್ಕೆ ಅಂಜದವರು ಒಂದು ಚಿತ್ರ ಹರಿಯಲು ಅಂಜಿದರು.

ಸೋಮವಾರ ಹೋಯಿತು. ಮಂಗಳವಾರ ಹನ್ನೊಂದು ಗಂಟೆಗೆ ಇಂದುಮತಿ ಗಡಿಯಾರ ನೋಡಿದಳು, ಕೋರ್ಟು ಶುರುವಾಗಿರಬಹುದು ಎಂದುಕೊಂಡಳು, ಬೇಳೆ ತೊಳೆದಳು. ಹೋಗಬೇಕು ಅನ್ನಿಸಿತು, ಹೋಗಲಿಲ್ಲ. ಅದಕ್ಕೆ ಕಾರಣ ಹೇಳಲು ಶಾಸ್ತ್ರ ಬೇಕಾಗಿಲ್ಲ. ಅಂಜಿಕೆ, ಅಷ್ಟೇ.

ಗುರುವಾರ ಬೆಳಿಗ್ಗೆ ಮಾಧವರಾಯರು ಬಂದರು. ಹೇಮಲತಾ ಹೆಸರಿನಲ್ಲಿ ಪೂಜೆ ಮಾಡಿಸಬೇಕೆಂದು ಮೊದಲೇ ಗೊತ್ತಾಗಿತ್ತು. ಅವಳ ಫೋಟೋ ತಂದಿದ್ದರು. ಭೀಮಸೇನರಾಯರು ಮಡಿಯುಟ್ಟು ಕೂತು, ಬಲ ಅಂಗೈಯಲ್ಲಿ ಅಕ್ಷತೆ ನೀರು ಹಿಡಿದು ಸಂಕಲ್ಪ ಹೇಳಿದರು. ಯಾವ ದ್ವೀಪ, ಯಾವ ನದಿಯ ಯಾವ ದಂಡೆ, ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ. ಆಮೇಲೆ ತಮ್ಮ ಗೋತ್ರ, ತಮ್ಮ ನಕ್ಷತ್ರ, ತಮ್ಮ ಹೆಸರು, ಈ ಕೆಲಸ ನಾನು ಮಾಡುತ್ತೇನೆ ಎಂಬ ಮಾತು. ಎಲ್ಲವನ್ನೂ ಸ್ಪಷ್ಟವಾಗಿ, ಗಂಟೆ ಬಾರಿಸಿದಂತೆ.

ಇಂದುಮತಿ ಮದುವೆಯಾದಾಗಿನಿಂದ ಇದನ್ನು ಕೇಳಿದ್ದಳು, ಆದರೆ ಆ ದಿನ ಮೊದಲ ಬಾರಿಗೆ ಅರ್ಥವಾಯಿತು. ಮಾಡುವವನು ಯಾರೆಂದು ಈ ಮನುಷ್ಯನಿಗೆ ಚೆನ್ನಾಗಿ ಗೊತ್ತಿದೆ. ಒಂದು ತೆಂಗಿನಕಾಯಿ ಒಡೆಯುವುದಕ್ಕೂ ಎದುರಿಗೆ ಕೂತ ದೇವರಿಗೆ ತಮ್ಮ ಗುರುತು ಪರಿಚಯ ಬಿಡಿಸಿ ಹೇಳಿ, ನಾನು, ನಾನು ಎಂದು ನಿಲ್ಲುತ್ತಾರೆ. ಕೊನೆಗೆ ಕೃಷ್ಣಾರ್ಪಣ ಎಂದು ನೀರು ಬಿಡುವುದು ಹಾಗೆ ನಾನೆಂದು ನಿಂತು ಮಾಡಿದ ಕೆಲಸವನ್ನು. ಕಂಬದ ವಿಷಯಕ್ಕೆ ಬಂದಾಗ ಮಾತ್ರ ಮೊದಲಿನ ನಾನು ಎಲ್ಲಿಗೋ ಹೋಗಿ ಬರೀ ಕೃಷ್ಣ ಉಳಿದಿದ್ದಾನೆ. ದಾನ ಕೊಡಲು ಕೈಯಲ್ಲಿ ಏನೂ ಇಲ್ಲದವನು ನೀರು ಮಾತ್ರ ಬಿಟ್ಟು ಎದ್ದರೆ ಅದಕ್ಕೆ ಏನೆನ್ನಬೇಕು? ಅವಳಿಗೆ ಒಂದೇ ಶಬ್ದ ಹೊಳೆಯಿತು: ಹೇಸಿಗೆ.

ಪೂಜೆ ಮುಗಿದ ಮೇಲೆ ಮಾಧವರಾಯರು ಉದ್ದಕ್ಕೆ ಬಿದ್ದು ನಮಸ್ಕಾರ ಮಾಡಿದರು.

"ನಿಮ್ಮ ಮಾತು ಇರದಿದ್ರ ನಾ ಇಷ್ಟೊತ್ತಿಗೆ ಸತ್ತು ಹೋಗಿರ್ತಿದ್ದೆ, ರಾಯರ. ಯಾರ ಮ್ಯಾಲೂ ಸಿಟ್ಟಿಲ್ಲ ಈಗ ನನಗ. ಆ ಗೌಂಡಿ ಮ್ಯಾಲೆ ಸುದ್ದಾ ಇಲ್ಲ."

"ಏಳ್ರಿ, ಏಳ್ರಿ. ನಾ ಏನು ಮಾಡೀನಿ? ಎಲ್ಲಾ ಅಂವಾ ಮಾಡಿಸ್ಯಾನ," ಎಂದರು ಭೀಮಸೇನರಾಯರು. ಎಂದು, ಕಾಲು ಹಿಂದೆ ತೆಗೆದುಕೊಳ್ಳದೆ, ತೀರ್ಥದ ಸೌಟು ಎತ್ತಿದರು.

ಇಂದುಮತಿ ಬಚ್ಚಲಿಗೆ ಓಡಿದಳು. ಬೆಳಗಿನ ಚಹಾ, ರಾತ್ರಿಯ ಅನ್ನ, ಎಲ್ಲ ಬಂತು. ಬಾಯಿ ತೊಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಮಾಧವರಾಯರು ಹೋಗಿದ್ದರು, ಗಂಡ ಆಫೀಸಿಗೆ ಬೂಟು ಕಟ್ಟುತ್ತಿದ್ದರು. ಮುಖ ನೋಡಿ "ಪಿತ್ತ ಆಗ್ಯದ, ಲಿಂಬು ಕುಡಿ," ಎಂದು ಜೀಪು ಹತ್ತಿದರು.

ಅವಳು ದೇವರ ಮನೆಗೆ ಹೋಗಿ ಚೀಲ ಇಳಿಸಿದಳು. ಆರು ದಿನದ ಹೂವು, ತುಳಸಿ, ಒದ್ದೆ ಹತ್ತಿಯ ಬತ್ತಿ, ಆ ಶೆಕೆಗೆ ಎಲ್ಲ ಕೊಳೆತು ಲೋಳೆಯಾಗಿತ್ತು. ದೇವರ ಮೇಲಿದ್ದ ಹೂವೇ, ಆದರೂ ಕೊಳೆತರೆ ನಾರುವುದು ನಾರುವುದೇ. ಮೊಣಕೈವರೆಗೆ ಕೈ ಹಾಕಿ ತಳದಿಂದ ಕಾಗದ ಎಳೆದಳು. ಅಂಚಿನಲ್ಲಿ ಗಂಧ ಮೆತ್ತಿ ಒಂದು ಕಡೆ ಶಾಯಿ ಹರಡಿತ್ತು. ಸಹಿ, ಹೆಸರು, ಮೊಹರು ಮೂರೂ ಓದುವಂತಿದ್ದವು. ಬಟ್ಟೆಯಿಂದ ಒತ್ತಿ ಒರೆಸಿ, ಚೀಲದಲ್ಲಿಟ್ಟುಕೊಂಡು, ಬೀಗ ಹಾಕಿ ರಿಕ್ಷಾ ಹಿಡಿದಳು. ಇದನ್ನು ದೇವರು ಮಾಡಿಸುತ್ತಿದ್ದಾನೋ ತಾನು ಮಾಡುತ್ತಿದ್ದೇನೋ ಎಂದು ಒಮ್ಮೆ ಯೋಚಿಸಿದಳು. ಅವನು ಜೊತೆಗಿದ್ದರೆ ಇರಲಿ. ಆದರೆ ರಿಕ್ಷಾದವನಿಗೆ ದಾರಿ ತಾನೇ ಹೇಳಬೇಕಾಗಿತ್ತು.

ಚಾಲಿಯಲ್ಲಿ ನಲ್ಲಿಯ ಎದುರಿನ ಮನೆಯ ಹೊಸ್ತಿಲಲ್ಲಿ ಶಾರದಾಬೆನ್ ಗೋಧಿ ಆರಿಸುತ್ತ ಕೂತಿದ್ದಳು. ಇಂದುಮತಿ ಕಾಗದ ಚಾಚಿ, ನಿಂತಲ್ಲೇ, ಅದರಲ್ಲಿ ಏನು ಬರೆದಿದೆಯೆಂದು ಒಂದೊಂದೇ ಸಾಲು ಹೇಳಿದಳು. ಕೋರ್ಟಿಗೆ ತಾನೇ ಬಂದು ಹೇಳುತ್ತೇನೆ ಎಂದಳು. ಹೇಮಲತಾಳ ಗಂಡನಿಗೂ ಇದನ್ನು ತಾನೇ ಹೇಳಬೇಕೆಂದು ದಾರಿಯಲ್ಲೇ ನಿಶ್ಚಯಿಸಿದ್ದಳು.

ಶಾರದಾಬೆನ್ ಗೋಧಿಯಿಂದ ಕೈ ತೆಗೆಯಲಿಲ್ಲ.

"ಮಂಗಳವಾರ ಅವನು ಒಪ್ಪಿಕೊಂಡುಬಿಟ್ಟ," ಎಂದಳು. "ಯಾರು ಕಡಿಸಿದರು ಅಂತ ಜಡ್ಜ್ ಸಾಹೇಬರು ಎರಡು ಸಲ ಕೇಳಿದರು. ಉಳಿ ಹಿಡಿದದ್ದು ನನ್ನ ಕೈ, ಪಾಪ ನನ್ನದು ಅಂದ. ಕಾಗದ ಏನಾದರೂ ಇದೆಯೇನು ಅಂತಲೂ ಕೇಳಿದರು. ಅವನು ನನ್ನ ಮುಖ ನೋಡಿದ. ಅದು ಕೂಲಿ ಚೀಟಿ ಅಂತ ನಾನೇ ಹೇಳಿದೆ. ತಲೆ ತಗ್ಗಿಸಿಬಿಟ್ಟ. ಹೆಬ್ಬೆಟ್ಟು ಒತ್ತಿಸಿಕೊಂಡರು."

ನಲ್ಲಿಯ ಹತ್ತಿರ ಹೆಂಗಸರು ಕೊಡ ಹಿಡಿದು ನಿಂತು ಕೇಳುತ್ತಿದ್ದರು. ಶಾರದಾಬೆನ್ ತಲೆಯೆತ್ತಿದಳು.

"ಭಾನುವಾರ ಯಾಕೆ ಹೇಳಲಿಲ್ಲ, ಬೆನ್?"

ಇಂದುಮತಿಯ ನಾಲಿಗೆಯ ತುದಿಗೆ ಉತ್ತರ ಬಂದೇಬಿಟ್ಟಿತು. ದೇವರು ಆ ದಿನ ಬುದ್ಧಿ ಕೊಡಲಿಲ್ಲ, ಎಂದು. ಎಷ್ಟು ಸಲೀಸಾಗಿ ಬಂತೆಂದರೆ, ಮೂವತ್ತು ವರ್ಷ ಒಂದೇ ಮನೆಯಲ್ಲಿ ಉಂಡದ್ದು ಸುಳ್ಳಲ್ಲವೆಂದು ಅವಳಿಗೆ ಗೊತ್ತಾಯಿತು. ಬೆಳಿಗ್ಗೆ ವಾಂತಿಯಾದದ್ದಕ್ಕಿಂತ ಇದು ಕಹಿಯಾಗಿತ್ತು. ಅದನ್ನು ನುಂಗಿದಳು.

"ಓದಿದೆ. ತಿಳಿಯಿತು. ಗೊತ್ತಿದ್ದೇ ಸುಳ್ಳು ಹೇಳಿದೆ. ಬೇರೆ ಯಾರೂ ಹೇಳಿಸಲಿಲ್ಲ."

ಶಾರದಾಬೆನ್ ಗೋಧಿಯನ್ನು ಪಕ್ಕಕ್ಕೆ ಸರಿಸಿದಳು. ಎದ್ದು ಬಂದು, ಇಂದುಮತಿಯ ಕೈಯಿಂದ ಕಾಗದ ತೆಗೆದುಕೊಂಡು ಅವಳ ಮುಖದ ಮುಂದೆ ಹಿಡಿದಳು.

"ಬರೆದವರ ಹೆಸರು ಎಲ್ಲಿದೆ? ಓದಿ. ಇವರೆಲ್ಲ ಕೇಳಲಿ."

ಗಂಡನ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಇಂದುಮತಿಗೆ ತಾಯಿ ಹೇಳಿಕೊಟ್ಟಿದ್ದಳು. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಮಗಳ ಶಾಲೆಯಲ್ಲಿ, ಎಲ್ಲಿ ಕೇಳಿದರೂ ಅವಳು ಬರೆದು ತೋರಿಸಿದ್ದಳೇ ಹೊರತು ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ಎದುರಿಗಿದ್ದವಳಿಗೂ ಅದು ಗೊತ್ತಿತ್ತು. ಅವಳ ಸೀಮೆಯಲ್ಲೂ ಅದೇ ಪದ್ಧತಿ.

ಇಂದುಮತಿ ಸಹಿಯ ಕೆಳಗೆ ಬೆರಳಿಟ್ಟಳು. ನಲ್ಲಿಯ ಹತ್ತಿರದವರಿಗೂ ಕೇಳಿಸುವಂತೆ, ಗೋತ್ರ ನಕ್ಷತ್ರಗಳಿಲ್ಲದೆ, ಓದಿದಳು.

"ಭೀಮಸೇನ ಗುರುರಾವ್ ಕಟಗೇರಿ."